ಚಕ್ಕೋತದ ಮನೆತನ, ಹಿಟ್ಟಿನ ತವರು

ದೇವನಹಳ್ಳಿಯ ಚಕ್ಕೋತ ಕೊಳ್ಳುವಾಗ ಬಲ್ಲವರು ಮೊದಲು ಅದನ್ನು ಅಂಗೈಯಲ್ಲಿಟ್ಟು ತೂಗಿ ನೋಡುತ್ತಾರೆ. ಗಾತ್ರಕ್ಕೆ ತಕ್ಕ ಭಾರವಿದ್ದರೆ ಒಳಗೆ ರಸವಿದೆ ಎಂದರ್ಥ. ಬಿಡಿಸುವುದೇ ಒಂದು ಕೆಲಸ. ದಪ್ಪ ಸಿಪ್ಪೆ, ಅದರೊಳಗೆ ಹತ್ತಿಯಂಥ ಬಿಳಿ ಪದರ, ಆಮೇಲೆ ತೊಳೆ, ತೊಳೆಯ ಮೇಲಿನ ಪೊರೆಯನ್ನೂ ಸುಲಿದ ಮೇಲೆ ನಸುಗೆಂಪು ತಿರುಳು. ಬೇರೆ ಕಡೆಯ ಚಕ್ಕೋತದಲ್ಲಿ ನಾಲಿಗೆಗೆ ತಗಲುವ ಕಹಿ ಇದರಲ್ಲಿಲ್ಲ. ಆ ಗುಣಕ್ಕಾಗಿಯೇ ‘ದೇವನಹಳ್ಳಿ ಚಕ್ಕೋತ’ ಎಂಬ ಹೆಸರಿಗೆ ಭೌಗೋಳಿಕ ಸೂಚಕದ (ಜಿಐ) ಮಾನ್ಯತೆ ಸಿಕ್ಕಿದೆ.

ಕಿತ್ತಳೆ ಕುಲದಲ್ಲಿ ಚಕ್ಕೋತವನ್ನು ನಾವು ದೂರದ ನೆಂಟನಂತೆ ಕಾಣುತ್ತೇವೆ. ನಿಜಕ್ಕೂ ಅದು ಆ ಮನೆತನದ ಹಿರಿಯಜ್ಜಿ. ಜಗತ್ತಿನಲ್ಲೆಲ್ಲ ಜ್ಯೂಸ್ ಮಾಡಿ ಕುಡಿಯುವ ಸಿಹಿ ಕಿತ್ತಳೆ, ನಮ್ಮ ಮಾರುಕಟ್ಟೆಯ ಸಾತಗುಡಿ ಇದೆಯಲ್ಲ, ಅದು ಕಾಡಿನಲ್ಲಿ ತಾನಾಗಿ ಇದ್ದ ಜಾತಿಯಲ್ಲ. ಚಕ್ಕೋತವೂ ಮ್ಯಾಂಡರಿನ್ ಬಳಗದ ಹಣ್ಣೂ ಬೆರೆತು ಹುಟ್ಟಿದ್ದು. ಸಡಿಲ ಸಿಪ್ಪೆಯ ನಮ್ಮ ಕೊಡಗಿನ ಕಿತ್ತಳೆ ಈ ಮ್ಯಾಂಡರಿನ್ ಬಳಗಕ್ಕೆ ಸೇರಿದ್ದು. 2014ರಲ್ಲಿ ಪ್ರಕಟವಾದ ಜೀನೋಮ್ ಅಧ್ಯಯನ ಈ ನಂಟನ್ನು ಬಿಡಿಸಿಟ್ಟಿತು. ಎಲೆಗೆ ಹಸಿರು ಕೊಡುವ ಕಣಗಳು ಈ ಕುಲದಲ್ಲಿ ತಾಯಿಯ ಕಡೆಯಿಂದಲೇ ಬರುತ್ತವೆ. ಸಿಹಿ ಕಿತ್ತಳೆಯಲ್ಲಿ ಆ ಕಣಗಳು ಚಕ್ಕೋತದವು. ಅಂದರೆ ತಾಯಿ ಯಾರೆಂಬುದರಲ್ಲಿ ಅನುಮಾನವಿಲ್ಲ. ಮುಂದೆ ಕೆರಿಬಿಯನ್ ದ್ವೀಪಗಳಲ್ಲಿ ಚಕ್ಕೋತ ಮತ್ತು ಸಿಹಿ ಕಿತ್ತಳೆ ಮತ್ತೆ ಬೆರೆತು ಗ್ರೇಪ್‌ಫ್ರೂಟ್ ಹುಟ್ಟಿತು. ಬಾರ್ಬಡೋಸಿನಲ್ಲಿದ್ದ ಗ್ರಿಫಿತ್ ಹ್ಯೂಸ್ ಎಂಬ ಪಾದ್ರಿ 1750ರಲ್ಲಿ ಅದನ್ನು ‘ನಿಷಿದ್ಧ ಫಲ’ ಎಂದು ಕರೆದು ಬರೆದಿಟ್ಟಿದ್ದಾನೆ.

ಚಕ್ಕೋತದ ಹುಟ್ಟೂರು ಆಗ್ನೇಯ ಏಷ್ಯಾ. ಅದು ಹಡಗು ಹತ್ತಿ ತಿರುಗಿದ ದಾರಿ ಅದರ ಹೆಸರುಗಳಲ್ಲೇ ಉಳಿದಿದೆ. ಬಂಗಾಳಿಗಳು ಅದನ್ನು ‘ಬಾತಾಬಿ ಲೇಬು’ ಎನ್ನುತ್ತಾರೆ. ಬಾತಾಬಿ ಅಂದರೆ ಬಟೇವಿಯಾ, ಡಚ್ಚರ ಕಾಲದ ಜಕಾರ್ತ. ತೆಲುಗರ ‘ಪಂಪರಪನಸ’, ತಮಿಳರ ‘ಪಂಬಳಿಮಾಸು’ ಡಚ್ಚರ ‘ಪೊಂಪೆಲ್‌ಮೂಸ್’ ನಮ್ಮವರ ಬಾಯಲ್ಲಿ ಹದಗೊಂಡ ರೂಪಗಳು. ವೆಸ್ಟ್ ಇಂಡೀಸಿಗೆ ಬೀಜ ಒಯ್ದ ಹಡಗಿನ ಕಪ್ತಾನನ ಹೆಸರಿನಿಂದ ಇಂಗ್ಲಿಷಿನಲ್ಲಿ ‘ಶಾಡಕ್’ ಆಯಿತು. ಒಂದೇ ಹಣ್ಣನ್ನು ಒಬ್ಬೊಬ್ಬರು ಒಂದೊಂದು ಬಂದರಿನ ಕಡೆಯಿಂದ ಕಂಡಿದ್ದಾರೆ.

ಇಲ್ಲೊಂದು ಎಚ್ಚರಿಕೆಯನ್ನೂ ಹೇಳಬೇಕು. 1989ರಲ್ಲಿ ಕೆನಡಾದ ಸಂಶೋಧಕರು ರಕ್ತದೊತ್ತಡದ ಒಂದು ಮಾತ್ರೆಯ ಮೇಲೆ ಮದ್ಯದ ಪರಿಣಾಮ ಏನೆಂದು ಪರೀಕ್ಷಿಸುತ್ತಿದ್ದರು. ಮದ್ಯದ ರುಚಿ ಗೊತ್ತಾಗದಿರಲೆಂದು ಗ್ರೇಪ್‌ಫ್ರೂಟ್ ರಸ ಬೆರೆಸಿದರು. ನೋಡಿದರೆ ರಕ್ತದಲ್ಲಿ ಔಷಧದ ಪ್ರಮಾಣ ವಿಪರೀತ ಏರಿತ್ತು. ಕಾರಣ ಮದ್ಯವಲ್ಲ, ಹಣ್ಣಿನ ರಸ. ಔಷಧವನ್ನು ಕರಗಿಸುವ ಕಿಣ್ವವನ್ನು ಆ ರಸ ತಡೆಯುತ್ತಿತ್ತು. ಚಕ್ಕೋತದಲ್ಲೂ ಅದೇ ಅಂಶಗಳಿವೆ. ಕೊಲೆಸ್ಟರಾಲಿಗೋ ರಕ್ತದೊತ್ತಡಕ್ಕೋ ಮಾತ್ರೆ ನುಂಗುವ ಹಿರಿಯರು ಮನೆಯಲ್ಲಿದ್ದರೆ ವೈದ್ಯರನ್ನು ಒಂದು ಮಾತು ಕೇಳಿ ಕೊಡುವುದು ಒಳ್ಳೆಯದು.

ದೇವನಹಳ್ಳಿಯ ರುಚಿ ಬೇಕೆಂದು ಅದರ ಬೀಜ ಬಿತ್ತಿದರೆ ಆ ರುಚಿಯೇ ಬರುತ್ತದೆಂಬ ಖಾತ್ರಿಯಿಲ್ಲ. ಕಿತ್ತಳೆ ಕುಲದ ಅನೇಕ ಗಿಡಗಳಲ್ಲಿ ಒಂದು ಬೀಜದಿಂದ ಎರಡು ಮೂರು ಮೊಳಕೆ ಬರುತ್ತವೆ, ಅವುಗಳಲ್ಲಿ ತಾಯಿಯ ತದ್ರೂಪು ಇರುತ್ತದೆ. ಚಕ್ಕೋತದ ಬೀಜದಲ್ಲಿ ಭ್ರೂಣ ಒಂದೇ, ಹೀಗಾಗಿ ಬೀಜದ ಗಿಡವೆಲ್ಲ ಹೊಸ ಗುಣದ ಗಿಡ. ಅದೇ ರುಚಿ ಉಳಿಯಬೇಕಾದರೆ ಕೊಂಬೆಯ ತೊಗಟೆ ಸುಲಿದು ಒದ್ದೆ ಪಾಚಿ ಸುತ್ತಿ ಬೇರು ಬರಿಸಬೇಕು, ಇಲ್ಲವೇ ಕಸಿ ಕಟ್ಟಬೇಕು. ಅದಕ್ಕೆ ತಾಯಿಮರ ಉಳಿದಿರಬೇಕು. 2008ರಲ್ಲಿ ಇಲ್ಲಿ ಬೆಂಗಳೂರಿನ ವಿಮಾನ ನಿಲ್ದಾಣ ಶುರುವಾದ ಮೇಲೆ ಈ ಸೀಮೆಯ ಎಷ್ಟೋ ತೋಟ ಬಡಾವಣೆಗಳಾದವು. ಹಳೆಯ ಮರವೊಂದು ಉರುಳಿದರೆ ಹೋಗುವುದು ಒಂದು ಮರವಷ್ಟೇ ಅಲ್ಲ, ಒಂದು ರುಚಿ. ಇದು ನನ್ನನ್ನು ನಿಜಕ್ಕೂ ಕಾಡುವ ಸಂಗತಿ.

ಚಕ್ಕೋತ ಹೊರಗಿಂದ ಬಂದು ಇಲ್ಲಿಯದಾಯಿತು. ಇಲ್ಲೇ ಬೆಳೆದೂ ಹೊರಗೇ ಹೋಗುವುದು ಗುಲಾಬಿ ಈರುಳ್ಳಿ. ‘ಬೆಂಗಳೂರು ರೋಸ್’ ಎಂದೇ ಇದಕ್ಕೆ ಜಿಐ ಮಾನ್ಯತೆ. ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರದ ಕಡೆಯ ಈ ಕಡುಗೆಂಪು, ಘಾಟು ಈರುಳ್ಳಿಯನ್ನು ಬೆಳೆದವರೇ ತಿನ್ನುವುದು ಕಡಿಮೆ. ಅದು ಚೆನ್ನೈ ಬಂದರು ದಾಟಿ ಮಲೇಷ್ಯಾ, ಸಿಂಗಪುರ, ಶ್ರೀಲಂಕಾದ ಅಡುಗೆಮನೆ ಸೇರುತ್ತದೆ. ಹೀಗಾಗಿ ದೇಶದಲ್ಲಿ ಈರುಳ್ಳಿ ತುಟ್ಟಿಯಾಗಿ ರಫ್ತು ನಿಂತರೆ ನಮ್ಮ ರೈತನಿಗೆ ಒಳಗೂ ಗಿರಾಕಿಯಿಲ್ಲ, ಹೊರಗೂ ದಾರಿಯಿಲ್ಲ. 2020ರಲ್ಲಿ ಹಾಗಾದಾಗ ಕೇಂದ್ರ ಸರ್ಕಾರ ಈ ತಳಿಯ 10,000 ಟನ್ನಿಗೆ ಬೇರೆಯಾಗಿ ಅನುಮತಿ ಕೊಡಬೇಕಾಯಿತು.

ಸೀಮೆಬದನೆಯ ಕಥೆ ಇನ್ನೊಂದು ಬಗೆ. ತಮಿಳರು ಅದನ್ನು ‘ಬೆಂಗಳೂರು ಕತ್ತಿರಿಕ್ಕಾಯ್’ ಎನ್ನುತ್ತಾರೆ, ತೆಲುಗರಿಗೂ ಅದು ಬೆಂಗಳೂರು ವಂಕಾಯ. ಅದು ಬದನೆಯೂ ಅಲ್ಲ, ಬೆಂಗಳೂರಿನದೂ ಅಲ್ಲ. ಕುಂಬಳ, ಸೌತೆಯ ಬಳಗಕ್ಕೆ ಸೇರಿದ ಮೆಕ್ಸಿಕೊ ಕಡೆಯ ಬಳ್ಳಿ. ಅದು ಹೊರಗಿನದೆಂದು ನೆನಪಿಟ್ಟವರು ನಾವು, ‘ಸೀಮೆ’ ಎಂಬ ಒಂದು ಮಾತಿನಲ್ಲಿ.

ಹಾಗಾದರೆ ಅಪ್ಪಟ ನಮ್ಮದು ಯಾವುದು? ರಾಗಿ ಎಂದು ಯಾರಾದರೂ ಹೇಳಿಯಾರು. ದೊಡ್ಡಬಳ್ಳಾಪುರದ ಹಳ್ಳಿಗಳಲ್ಲಿ ಮುದ್ದೆಗೆ ‘ಹಿಟ್ಟು’ ಎಂದೇ ಹೆಸರು. ಹಿಟ್ಟು ಉಂಡೆಯಾ ಅಂದರೆ ಊಟ ಆಯಿತಾ ಎಂದು ಕೇಳಿದಂತೆ. ಗೋಧಿಯ ಜಿಗುಟು ರಾಗಿಯಲ್ಲಿಲ್ಲ, ತಣ್ಣೀರಿನಲ್ಲಿ ನಾದಿದರೆ ನಿಲ್ಲುವುದಿಲ್ಲ. ಅದಕ್ಕೇ ಕುದಿಯುವ ಎಸರಿಗೆ ಹಿಟ್ಟು ಸುರಿದು, ಬೇಯಿಸಿ, ಪಾತ್ರೆಯನ್ನು ಒತ್ತಿ ಹಿಡಿದು ಕೋಲಿನಿಂದ ತೊಳೆಸುವುದು. ಬಿಸಿಗೆ ಪಿಷ್ಟ ಅರಳಿ ಅಂಟಾಗುತ್ತದೆ, ಮುದ್ದೆ ನಿಲ್ಲುತ್ತದೆ. ತೊಳೆಸುವ ತೋಳಿನ ಬಲ ಆ ವಿಜ್ಞಾನದ ಅರ್ಧ ಭಾಗ.

ಕನಕದಾಸರ ‘ರಾಮಧಾನ್ಯಚರಿತ್ರೆ’ಯಲ್ಲಿ ಭತ್ತಕ್ಕೂ ರಾಗಿಗೂ ಜಗಳ ಬಿದ್ದು ಶ್ರೀರಾಮ ಎರಡನ್ನೂ ಸೆರೆಯಲ್ಲಿಡುತ್ತಾನೆ, ತಿಂಗಳುಗಳ ಮೇಲೆ ಸೊರಗದೆ ಹೊರಬರುವುದು ರಾಗಿ. ನೆಲದೊಳಗಿನ ಹಗೇವಿನಲ್ಲಿ ವರ್ಷಗಟ್ಟಲೆ ಕೆಡದೆ ಉಳಿಯುವ ಕಾಳನ್ನು ಕಂಡ ನಾಡಿನ ಕಾವ್ಯ ಅದು. ಆದರೆ ರಾಗಿಯ ತವರು ಪೂರ್ವ ಆಫ್ರಿಕಾದ ಎತ್ತರದ ನಾಡು, ಇಥಿಯೋಪಿಯಾ, ಉಗಾಂಡದ ಕಡೆ. ಸಾವಿರಾರು ವರ್ಷಗಳ ಹಿಂದೆ ಹೊರಟುಬಂದ ಧಾನ್ಯಕ್ಕೆ ತವರಿನ ನಂಟನ್ನು ಮತ್ತೆ ಕಟ್ಟಿದವರು ಮಂಡ್ಯದ ವಿ.ಸಿ. ಫಾರ್ಮಿನ ವಿಜ್ಞಾನಿ ಲಕ್ಷ್ಮಣಯ್ಯ. ರಾಗಿಯ ಹೂವು ಕಣ್ಣಿಗೆ ಕಾಣದಷ್ಟು ಸಣ್ಣದು, ತನ್ನ ಪರಾಗದಿಂದಲೇ ಕಾಳು ಕಟ್ಟುವಂಥದ್ದು. ಅಂಥದರಲ್ಲಿ ಭಾರತದ ತಳಿಗೆ ಆಫ್ರಿಕಾದ ತಳಿ ಕೂಡಿಸಿ ಅವರು ತಂದದ್ದೇ ‘ಇಂಡಾಫ್’. ಇಂಡಿಯಾದ ‘ಇಂಡ್’, ಆಫ್ರಿಕಾದ ‘ಆಫ್’. ರೈತರು ಅವರನ್ನು ರಾಗಿ ಲಕ್ಷ್ಮಣಯ್ಯ ಎಂದೇ ಕರೆದರು. ಮಳೆ ನಂಬಿದ ಹೊಲಗಳ ಹೊಟ್ಟೆ ತುಂಬಿಸಿದ ಆ ಮನುಷ್ಯನ ಹೆಸರು ಮಕ್ಕಳಿಗೆ ಇನ್ನೂ ಚೆನ್ನಾಗಿ ಗೊತ್ತಿರಬೇಕಿತ್ತು.

ಅವರೆಯೂ ಆಫ್ರಿಕಾದ ಮೂಲದ್ದೇ. ನಮ್ಮ ನಾಟಿ ಅವರೆ ಹಗಲು ಕಿರಿದಾದಾಗ ಮಾತ್ರ ಹೂ ಬಿಡುತ್ತದೆ, ಹಾಗಾಗಿ ಅದು ಚಳಿಗಾಲದ ಅತಿಥಿ. ಹೆಬ್ಬಾಳದ ಕೃಷಿ ವಿಶ್ವವಿದ್ಯಾಲಯ ಕೊಟ್ಟ ಎಚ್‌ಎ-3, ಎಚ್‌ಎ-4 ತಳಿಗಳಿಗೆ ಆ ಹಂಗಿಲ್ಲ, ವರ್ಷವಿಡೀ ಕಾಯಿ ಕೊಡುತ್ತವೆ. ಆದರೂ ಕೈಗೆ ಎಣ್ಣೆಯಂತೆ ಅಂಟುವ ಸೊಗಡು ಬೇಕಾದರೆ ನನ್ನ ಆಯ್ಕೆ ಪುಷ್ಯದ ಇಬ್ಬನಿಯಲ್ಲಿ ನೆಂದ ಕಾಯಿಯೇ. ಆ ದಿನಗಳಲ್ಲಿ ನಮ್ಮ ಮನೆಯಲ್ಲಿ ರಾತ್ರಿ ಊಟವಾದ ಮೇಲೆ ಎಲ್ಲರೂ ಕಾಳಿನ ಪಾತ್ರೆಯ ಸುತ್ತ ಕೂತು ಹಿತಕುತ್ತಿದ್ದೆವು. ಬೆರಳು ಬೆಳ್ಳಗೆ ಸುಕ್ಕುಗಟ್ಟುತ್ತಿದ್ದವು. ಬೆಳಗ್ಗೆ ಹಿತಕಿದ ಬೇಳೆ ಸಾರಿನ ಜೊತೆ ಬಿಸಿ ಹಿಟ್ಟು.

ಬೆಂದ ಕಾಳು ಕೊಟ್ಟು ಹಸಿದ ದೊರೆ ವೀರಬಲ್ಲಾಳನನ್ನು ಉಪಚರಿಸಿದ ಮುದುಕಿಯಿಂದ ‘ಬೆಂದಕಾಳೂರು’ ಆಯಿತು ಎಂಬ ಕಥೆಯನ್ನು ಎಲ್ಲರೂ ಕೇಳಿದ್ದೇವೆ. ಆದರೆ ಬಲ್ಲಾಳನ ಕಾಲಕ್ಕೆ ಸುಮಾರು ಮುನ್ನೂರು ವರ್ಷ ಮೊದಲೇ, ಕ್ರಿ.ಶ. 890ರ ಸುಮಾರಿನ ಬೇಗೂರು ವೀರಗಲ್ಲಿನಲ್ಲಿ ‘ಬೆಂಗುಳೂರು’ ಕಾಳಗದ ಮಾತಿದೆ. ಕಥೆ ಚರಿತ್ರೆಯಲ್ಲ, ಹೌದು. ಆದರೂ ಒಂದು ಊರಿನ ಜನ ತಮ್ಮ ಹೆಸರಿಗೆ ಯುದ್ಧವನ್ನು ಬಿಟ್ಟು ಕಾಳಿನ ಊಟವನ್ನು ಕಾರಣ ಮಾಡಿಕೊಂಡದ್ದು ನನಗೆ ಇಷ್ಟ.

ಅದು ಯಾವ ಕಾಳು ಎಂದರೆ ಕಥೆ ಹೇಳುವವರು ಅವರೆ ಎನ್ನುತ್ತಾರೆ. ನನ್ನನ್ನು ಕೇಳಿದರೆ ಹುರುಳಿಗೂ ಒಂದು ಮಾತು ಸಲ್ಲಬೇಕು. ದಕ್ಷಿಣ ಭಾರತದ ನವಶಿಲಾಯುಗದ ನೆಲೆಗಳಲ್ಲಿ ಅಗೆದಾಗ ಸುಟ್ಟು ಕರಿಕಾದ ಹುರುಳಿ ಮತ್ತೆ ಮತ್ತೆ ಸಿಕ್ಕಿದೆ. ನಾಲ್ಕು ಸಾವಿರ ವರ್ಷಗಳ ಹಿಂದೆಯೇ ಇಲ್ಲಿಯ ಜನ ಅದನ್ನು ಬೆಳೆದು ಉಣ್ಣುತ್ತಿದ್ದರು. ಇಂಗ್ಲಿಷಿನವರು ಅದಕ್ಕೆ ಕುದುರೆಯ ಕಾಳು ಎಂದು ಹೆಸರಿಟ್ಟರು, ನಾವೂ ಅದನ್ನು ಬಡವರ ಸಾರೆಂದು ಹಿಂದೆ ಸರಿಸಿದೆವು. ನಮ್ಮಜ್ಜಿ ಹುರುಳಿಯನ್ನು ಬಾಣಲೆಯಲ್ಲಿ ಕಂಪು ಬರುವವರೆಗೆ ಹುರಿದು, ಬೇಯಿಸಿ, ಕಟ್ಟು ಬಸಿದು, ಹುಣಸೆ, ಬೆಳ್ಳುಳ್ಳಿ ಹಾಕಿ ಸಾರು ಕುದಿಸುತ್ತಿದ್ದಳು. ಮಾರನೆಯ ದಿನ ಮತ್ತೆ ಕುದಿಸಿದಾಗ ಅದು ಇನ್ನಷ್ಟು ರುಚಿಯಾಗಿರುತ್ತಿತ್ತು.