ನಿಂತಲ್ಲೇ ನಡುಗುವ ಇಂಜಿನ್

ಗೇರು ನ್ಯೂಟ್ರಲ್‌ನಲ್ಲಿದ್ದು ಆಕ್ಸಿಲರೇಟರ್ ಮೇಲಿಂದ ಕಾಲು ತೆಗೆದಾಗ ಕಾರಿನ ಪೆಟ್ರೋಲ್ ಇಂಜಿನ್ ನಿಮಿಷಕ್ಕೆ ಸುಮಾರು 650ರಿಂದ 900 ಸುತ್ತು ತಿರುಗುತ್ತದೆ. ಇದೇ ಐಡ್ಲಿಂಗ್. ಆಗ ಇಂಜಿನ್ನಿಗೆ ಸಿಗುವ ಗಾಳಿಯೂ ಇಂಧನವೂ ತೀರ ಕಡಿಮೆ. ಹೀಗಾಗಿ ಓಡುವಾಗ ಗೊತ್ತೇ ಆಗದ ಸಣ್ಣ ದೋಷ ನಿಂತಾಗ ಸ್ಟೀರಿಂಗ್, ಸೀಟು, ಕನ್ನಡಿಗಳಲ್ಲಿ ನಡುಕವಾಗಿ ಕಾಣಿಸಿಕೊಳ್ಳುತ್ತದೆ. ನಾಲ್ಕು ಸಿಲಿಂಡರಿನ ಇಂಜಿನ್ 800 ಸುತ್ತಿನಲ್ಲಿ ನಿಮಿಷಕ್ಕೆ 1600 ಸಲ ಉರಿಯುತ್ತದೆ. ಅಷ್ಟು ಒತ್ತೊತ್ತಾಗಿ ಬೀಳುವ ಹೊಡೆತಗಳನ್ನು ಫ್ಲೈವೀಲ್ ಮತ್ತು ರಬ್ಬರ್ ಮೌಂಟಿಂಗ್‌ಗಳು ನುಂಗಿಕೊಳ್ಳುತ್ತವೆ. ಒಂದು ಸಿಲಿಂಡರ್ ಕೈಕೊಟ್ಟರೆ ಸೆಕೆಂಡಿಗೆ ಆರೇಳು ಸಲ ಹೊಡೆತ ತಪ್ಪುತ್ತದೆ. ಆ ನಿಧಾನದ ಕುಲುಕು ನೇರ ಮೈಗೆ ತಟ್ಟುತ್ತದೆ. ಗ್ಯಾರೇಜಿನವರು ‘ಮಿಸ್ಸಿಂಗ್’ ಎನ್ನುವುದು ಇದಕ್ಕೇ.

ಎಲ್ಲ ನಡುಕವೂ ದೋಷವಲ್ಲ. ಹಳೆಯ ಮಾರುತಿ 800, ಇಂದಿನ ಆಲ್ಟೊ ಕೆ10, ಟಿಯಾಗೊ ಎಲ್ಲವೂ ಮೂರು ಸಿಲಿಂಡರಿನ ಗಾಡಿಗಳು. ಅವುಗಳಿಗೆ ಸ್ವಲ್ಪ ಅದುರುವುದು ಹುಟ್ಟುಗುಣ. ಮೊದಲಿಲ್ಲದ ನಡುಕ ಹೊಸದಾಗಿ ಬಂದಿದ್ದರೆ ಮಾತ್ರ ಹುಡುಕಬೇಕು.

ಹುಡುಕಾಟ ಶುರುವಾಗಬೇಕಾದದ್ದು ಒಂದೇ ಪ್ರಶ್ನೆಯಿಂದ: ಇಂಜಿನ್ ಸರಿಯಾಗಿ ಉರಿಯುತ್ತಿಲ್ಲವೋ, ಅಥವಾ ಸರಿಯಾಗಿ ಉರಿಯುವ ಇಂಜಿನ್ನನ್ನು ಹಿಡಿದಿಟ್ಟ ರಬ್ಬರ್ ಸತ್ತಿದೆಯೋ? ಆರ್‌ಪಿಎಂ ಮುಳ್ಳು ಅಲುಗದೆ, ಸೈಲೆನ್ಸರ್ ಸದ್ದು ಒಂದೇ ಸಮನಾಗಿದ್ದೂ ಗಾಡಿ ಅದುರಿದರೆ ಸಂಶಯ ಮೌಂಟಿಂಗ್ ಮೇಲೆ ಹೋಗಬೇಕು. ಬಾನೆಟ್ ತೆಗೆದು, ಬ್ರೇಕ್ ಭದ್ರವಾಗಿ ಒತ್ತಿ, ಫಸ್ಟ್ ಗೇರಿನಲ್ಲೂ ರಿವರ್ಸಿನಲ್ಲೂ ಕ್ಲಚ್ಚನ್ನು ತುಸುವೇ ಬಿಟ್ಟಾಗ ಇಂಜಿನ್ ಜಿಗಿದು ವಾಲಿದರೆ ಮೌಂಟಿಂಗ್ ಹೋಗಿದೆ ಎಂದರ್ಥ. ಆ ಹೊತ್ತಿನಲ್ಲಿ ಕಾರಿನ ಮುಂದೆ ಹಿಂದೆ ಯಾರೂ ನಿಲ್ಲಬಾರದು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಕಲಬುರಗಿ ಸೀಮೆಯ ಬಿಸಿಲು, ಸೋರಿದ ಆಯಿಲ್, ಕೆಟ್ಟ ರಸ್ತೆ ಸೇರಿದರೆ ರಬ್ಬರ್ ಬೇಗ ಬಿರಿಯುತ್ತದೆ.

ಮುಳ್ಳು ಕುಣಿಯುತ್ತಿದ್ದರೆ ಮುಂದಿನ ಹೆಜ್ಜೆ ಸ್ಕ್ಯಾನರ್. ಈಚಿನ ಕಾರುಗಳಲ್ಲಿ ಸ್ಟೀರಿಂಗಿನ ಕೆಳಗೆ 16 ಪಿನ್ನಿನ ಸಾಕೆಟ್ ಇರುತ್ತದೆ. ಪಿ0301 ಎಂಬ ಕೋಡ್ ಒಂದನೇ ಸಿಲಿಂಡರ್ ಮಿಸ್ ಆಗುತ್ತಿದೆ ಎಂದೂ, ಪಿ0302 ಎರಡನೆಯದೆಂದೂ ಹೇಳುತ್ತದೆ. ಪಿ0300 ಬಂದರೆ ಮಿಸ್ ಒಂದೇ ಕಡೆ ನಿಂತಿಲ್ಲ. ಆದರೆ ಕೋಡ್ ಜಾಗವನ್ನು ಹೇಳುತ್ತದೆ, ಕಾರಣವನ್ನಲ್ಲ. ಕೋಡ್ ನೋಡಿದ ಕೂಡಲೇ ಹೊಸ ಇಗ್ನಿಷನ್ ಕಾಯಿಲ್ ತರಿಸುವ ಚಾಳಿ ದುಬಾರಿಯದು. ಪಿ0302 ಬಂದಿದ್ದರೆ ಇಂಜಿನ್ ಬಂದ್ ಮಾಡಿ, ಎರಡನೇ ಸಿಲಿಂಡರಿನ ಕಾಯಿಲ್ ಮೂರನೆಯದಕ್ಕೂ ಮೂರನೆಯದರದು ಎರಡನೆಯದಕ್ಕೂ ಅದಲುಬದಲು ಮಾಡಿದರೆ ಕಾಸಿಲ್ಲದೆ ಉತ್ತರ ಸಿಗುತ್ತದೆ. ಕೋಡ್ ಪಿ0303 ಆಗಿ ಬದಲಾದರೆ ಕಾಯಿಲ್ಲೇ ತಪ್ಪಿತಸ್ಥ. ಇಲ್ಲವಾದರೆ ಪ್ಲಗ್ಗನ್ನೂ, ಆಮೇಲೆ ಇಂಜೆಕ್ಟರನ್ನೂ ಹೀಗೇ ಪರೀಕ್ಷಿಸಬಹುದು. ಬಿಚ್ಚಿದ ಪ್ಲಗ್ಗಿನ ಬಣ್ಣವೂ ಮಾತಾಡುತ್ತದೆ: ಒಣ ಕಪ್ಪು ಮಸಿ ಹೆಚ್ಚು ಪೆಟ್ರೋಲಿನ ಗುರುತು, ಜಿಡ್ಡು ಆಯಿಲ್ ಉರಿಯುತ್ತಿರುವುದರ ಗುರುತು, ತಿಳಿ ಕಂದು ಆರೋಗ್ಯ. ಇಲಿ ಕಡಿದ ವೈರನ್ನೂ ಮರೆಯದೆ ನೋಡಬೇಕು. ಊರುಗಳಲ್ಲಿ ಅದು ಅಪರೂಪವಲ್ಲ. ಚೆಕ್ ಇಂಜಿನ್ ದೀಪ ಮಿಣುಕುತ್ತಿದ್ದರೆ ಗಾಡಿ ಓಡಿಸದಿರುವುದೇ ಲೇಸು, ಏಕೆಂದರೆ ಉರಿಯದ ಪೆಟ್ರೋಲ್ ಸೈಲೆನ್ಸರಿಗೆ ಹೋಗಿ ಬೆಲೆಬಾಳುವ ಕ್ಯಾಟಲಿಟಿಕ್ ಕನ್ವರ್ಟರನ್ನು ಸುಡುತ್ತದೆ.

ಕಲಬುರಗಿ ಜಿಲ್ಲೆಯ ವಾಡಿ, ಶಹಾಬಾದ, ಚಿತ್ತಾಪುರ, ಸೇಡಂ ಭಾಗದಲ್ಲಿ ಗಾಳಿಯ ದಾರಿಗೆ ಹೆಚ್ಚಿನ ಗಮನ ಬೇಕು. ಇದು ಸುಣ್ಣಕಲ್ಲಿನ ನಾಡು. ಫರಸಿ ಗಣಿ, ಸಿಮೆಂಟ್ ಕಾರ್ಖಾನೆ, ಲಾರಿಗಳ ಸಾಲು ಎಬ್ಬಿಸುವ ನುಣ್ಣನೆ ಧೂಳು ಏರ್ ಫಿಲ್ಟರನ್ನು ಬೇಗ ತುಂಬುತ್ತದೆ. ಕೈಪಿಡಿಯಲ್ಲಿ ಬರೆದ ಕಿಲೋಮೀಟರಿಗೆ ಕಾಯದೆ ಇಲ್ಲಿ ಮೊದಲೇ ಬದಲಿಸುವುದು ಒಳ್ಳೆಯದು. ಜೋರು ಗಾಳಿ ಹೊಡೆದು ತೊಳೆದಂತೆ ಮಾಡಿದರೆ ಕಾಗದ ಹರಿದು ಧೂಳು ಒಳನುಗ್ಗುತ್ತದೆ. ಒಳಹೊಕ್ಕ ಧೂಳು ಆಯಿಲ್ ಹಬೆಯೊಡನೆ ಸೇರಿ ಥ್ರಾಟಲ್ ಬಾಡಿಯಲ್ಲಿ ಕರಕಾಗುತ್ತದೆ. ಐಡ್ಲಿಂಗಿನಲ್ಲಿ ಗಾಳಿ ಹೋಗುವುದು ಕೂದಲೆಳೆಯ ಸಂದಿನಲ್ಲಿ. ಅದು ಕಟ್ಟಿಕೊಂಡರೆ ಇಂಜಿನ್ ಉಸಿರುಗಟ್ಟಿ ನಡುಗುತ್ತದೆ. ಸ್ವಚ್ಛಗೊಳಿಸಿದ ಮೇಲೆ ಹಲವು ಕಾರುಗಳಲ್ಲಿ ಸ್ಕ್ಯಾನರಿನಿಂದ ಐಡಲ್ ಮರುಹೊಂದಿಸಬೇಕು. ಇಲ್ಲದಿದ್ದರೆ ಆರ್‌ಪಿಎಂ ಏರಿಯೇ ನಿಲ್ಲುತ್ತದೆ.

ಇದಕ್ಕೆ ತದ್ವಿರುದ್ಧ ದೋಷ ಬಿರಿದ ವ್ಯಾಕ್ಯೂಂ ಪೈಪು. ಲೆಕ್ಕಕ್ಕೆ ಸಿಗದ ಗಾಳಿ ಅಲ್ಲಿಂದ ಕದ್ದು ಒಳಬರುತ್ತದೆ. ಐಡ್ಲಿಂಗಿನಲ್ಲಿ ನಡುಗಿ, 2000 ಸುತ್ತಿನ ಮೇಲೆ ಸುಮ್ಮನಾಗುವ ಇಂಜಿನ್ನಿನಲ್ಲಿ ಹಿಸ್ಸೆಂಬ ಸದ್ದು ಕೇಳಿದರೆ ಇದೇ ಇರಬಹುದು. ಹೊಗೆ ಬಿಟ್ಟು ನೋಡುವ ಯಂತ್ರವಿದ್ದರೆ ಉತ್ತಮ. ಬಿಸಿ ಇಂಜಿನ್ ಮೇಲೆ ಪೆಟ್ರೋಲ್ ಚಿಮುಕಿಸಿ ಹುಡುಕುವ ಪದ್ಧತಿ ಬೆಂಕಿಗೆ ಆಹ್ವಾನ.

ಇಷ್ಟಕ್ಕೂ ಸಿಗದಿದ್ದರೆ ಕಂಪ್ರೆಶನ್ ಪರೀಕ್ಷೆ. ಒಂದು ಸಿಲಿಂಡರಿನ ಒತ್ತಡ ಮಾತ್ರ ಕಡಿಮೆಯಿದ್ದು, ಕೆಲವು ಹನಿ ಆಯಿಲ್ ಹಾಕಿದಾಗ ಏರಿದರೆ ರಿಂಗ್ ಸವೆದಿದೆ. ಏರದಿದ್ದರೆ ಬಹುತೇಕ ವಾಲ್ವ್. ಸಿಎನ್‌ಜಿ ಗಾಡಿಗಳಲ್ಲಿ ವಾಲ್ವ್ ಸೀಟು ಸವೆದು ಟ್ಯಾಪೆಟ್ ಬಿಗಿಯಾಗಿದ್ದರೆ ಬರೀ ಹೊಂದಾಣಿಕೆಯಲ್ಲೇ ನಡುಕ ಹೋಗುವುದುಂಟು. ಡೀಸೆಲ್‌ನಲ್ಲಿ ಸ್ಪಾರ್ಕ್ ಪ್ಲಗ್ಗಿಲ್ಲ. ಅಲ್ಲಿ ಇಂಜೆಕ್ಟರಿನ ರಿಟರ್ನ್ ಅಳತೆ, ಫಿಲ್ಟರಿನಲ್ಲಿ ಕೂತ ನೀರು ಮೊದಲು ನೋಡಬೇಕಾದವು.

ನೀರೆಂದರೆ ಮಳೆಗಾಲದ ಮಾತೂ ಬರುತ್ತದೆ. ಕಾಗಿಣಾ ನದಿ ತುಂಬಿದಾಗ ದಂಡೋತಿ ಬಳಿಯ ಸೇತುವೆ ಮುಳುಗಿ ಸಂಚಾರ ನಿಲ್ಲುವುದು ಈ ಭಾಗದವರಿಗೆ ಹೊಸತಲ್ಲ. ನೀರು ಹಾಯ್ದು ಬಂದ ಕಾರು ನಡುಗಿದರೆ ಪ್ಲಗ್ಗಿನ ಗುಂಡಿಯಲ್ಲಿ ನೀರು ನಿಂತಿರಬಹುದು, ಒಣಗಿಸಿದರೆ ಸಾಕು. ಆದರೆ ನೀರಿನಲ್ಲೇ ಬಂದ್ ಬಿದ್ದ ಗಾಡಿಗೆ ಸೆಲ್ಫ್ ಹೊಡೆಯಲೇಬಾರದು. ಸಿಲಿಂಡರ್ ಸೇರಿದ ನೀರು ಗಾಳಿಯಂತೆ ಅದುಮಿಕೊಳ್ಳದು, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಎಳೆಸಿಕೊಂಡು ಗ್ಯಾರೇಜಿಗೆ ಒಯ್ದು, ಪ್ಲಗ್ ಬಿಚ್ಚಿಸಿ ನೀರು ಹೊರಹಾಕಿಸಿದ ಮೇಲಷ್ಟೇ ಇಂಜಿನ್ ತಿರುಗಿಸಿ.