ಕೈಗುಣ: ಮದ್ದು ಕೊಡುವವರ ಮೌನಭಾಷೆ

ಕನ್ನಡನಾಡಿನ ಉಳಿದೆಡೆಗಳಂತೆ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಸೀಮೆಯಲ್ಲೂ ಜನಪದರು ವೈದ್ಯರನ್ನು ಅಳೆಯುವುದು ‘ಕೈಗುಣ’ ಎಂಬ ಮಾತಿನಿಂದ. ಮದ್ದು ಒಂದೇ ಆದರೂ ಕೊಡುವ ಕೈ ಬೇರೆಯಾದರೆ ಫಲವೂ ಬೇರೆ ಎಂಬುದು ಇದರ ತಾತ್ಪರ್ಯ. ಇದನ್ನು ಮೂಢನಂಬಿಕೆಯೆಂದು ತಳ್ಳಿಹಾಕುವುದು ಸುಲಭ; ಆದರೆ ಈ ಪದದೊಳಗೆ ಸೂಕ್ಷ್ಮವಾದ ಲೋಕಾನುಭವವೊಂದು ಅಡಗಿದೆ.

ನಾಟಿವೈದ್ಯದಲ್ಲಿ ಮಾತಿಗಿಂತ ನಡೆಗೆ ಹೆಚ್ಚಿನ ಸ್ಥಾನವಿದೆ. ಬೇರು ತರಲು ಹೊರಟವರು ದಾರಿಯಲ್ಲಿ ಯಾರೊಡನೆಯೂ ಮಾತನಾಡಬಾರದೆಂಬ ಕಟ್ಟುಪಾಡು, ಮದ್ದಿನ ಹೆಸರನ್ನು ಹೊರಗೆಡಹದ ರೂಢಿ, ಕಾಮಾಲೆಗೆ ಬೆಳಗಿನ ಬರಿಹೊಟ್ಟೆಯಲ್ಲೇ ಔಷಧಿ ಕೊಡುವ ಕ್ರಮ, ಹಣ ಕೇಳದೆ ಎಲೆ ಅಡಿಕೆಯಷ್ಟನ್ನೇ ಸ್ವೀಕರಿಸುವ ನಿಷ್ಠೆ – ಇವೆಲ್ಲ ಔಷಧಿ ನಾಲಗೆಗೆ ತಾಗುವ ಮೊದಲೇ ರೋಗಿಯ ಮನಸ್ಸನ್ನು ಹದಗೊಳಿಸುತ್ತವೆ. ನಾಡಿ ಹಿಡಿದು ಕಣ್ಣು ಮುಚ್ಚಿ ಕುಳಿತ ಪಂಡಿತರ ಆ ಕ್ಷಣದ ಮೌನವೂ ಅಂಥದ್ದೇ.

ಅಮೆರಿಕದ ಟೆಡ್ ಕ್ಯಾಪ್ಚಕ್ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಇಲ್ಲಿ ನೆನೆಯಬೇಕು. ಕರುಳಿನ ತೊಂದರೆಯಿದ್ದ 262 ಮಂದಿಯಲ್ಲಿ ಚಿಕಿತ್ಸೆಗಾಗಿ ಬರಿದೇ ಕಾದಿದ್ದವರ ಪೈಕಿ ಶೇ. 28, ಹುಸಿ ಸೂಜಿಚಿಕಿತ್ಸೆ ಪಡೆದವರಲ್ಲಿ ಶೇ. 44, ಅದರೊಡನೆ ಆತ್ಮೀಯ ಉಪಚಾರವೂ ದೊರೆತವರಲ್ಲಿ ಶೇ. 62 ಮಂದಿ ಸಾಕಷ್ಟು ಉಪಶಮನ ಕಂಡರು. ಆ ಉಪಚಾರದ ನಿಯಮಗಳಲ್ಲಿ ನಾಡಿ ನೋಡುತ್ತಲೋ ಚಿಕಿತ್ಸೆಯ ಬಗ್ಗೆ ಯೋಚಿಸುತ್ತಲೋ 20 ಸೆಕೆಂಡು ಮೌನವಾಗಿರುವುದೂ ಸೇರಿತ್ತು! 2019ರ ಇನ್ನೊಂದು ಪ್ರಯೋಗದಲ್ಲಿ, ವೈದ್ಯರ ಪಾತ್ರ ವಹಿಸಿದವರು ತಾವು ನಿಜವೆಂದು ನಂಬಿದ್ದ ಹುಸಿ ಲೇಪವನ್ನು ಹಚ್ಚಿದಾಗ ರೋಗಿಯ ಪಾತ್ರದವರ ನೋವು ತಗ್ಗಿತು. ನಂಬಿಕೆ ಮುಖಭಾವದ ಮೂಲಕ ದಾಟಿರಬಹುದು.

ಹಾಗೆಂದು ಎಲ್ಲೆಡೆಯೂ ಒಂದು ಸನ್ನೆಗೆ ಒಂದೇ ಅರ್ಥವಿರುವುದಿಲ್ಲ. ಈ ಸೀಮೆಯ ಕಾಡುಗೊಲ್ಲರಲ್ಲಿ ಬಾಣಂತಿಯನ್ನು ಸೂತಕದ ಕಾರಣದಿಂದ ಹಟ್ಟಿಯ ಹೊರಗಿರಿಸುವ ರೂಢಿ ದಾಖಲಾಗಿದೆ. ಆಕೆಯ ಪಾಲಿಗೆ ಮುಟ್ಟುವ ಕೈ ಬರಿಯ ತಪಾಸಣೆಯಲ್ಲ. ಗುಡಿಸಲಿನೊಳಕ್ಕೆ ಬಾಗಿ ಬಂದು ಹೊಟ್ಟೆ ಮುಟ್ಟಿ ನೋಡುವ ಸೂಲಗಿತ್ತಿಯೋ ದಾದಿಯೋ, ‘ನೀನು ದೂರದವಳಲ್ಲ’ ಎಂಬುದನ್ನು ಬಾಯಿ ಬಿಡದೆಯೇ ಹೇಳಿರುತ್ತಾಳೆ. ಮಾರು ದೂರ ನಿಂತು ಮಾತ್ರೆ ನೀಡಿದರೆ ಅದೇ ಮಾತ್ರೆ ಸೆರಗಿನ ಗಂಟಿನಲ್ಲೇ ಉಳಿದೀತು. ಆಸ್ಪತ್ರೆಯಲ್ಲಿ ತಲೆಯೆತ್ತದೆ ಚೀಟಿ ಬರೆಯುವವರ ಬಗ್ಗೆ ‘ಮುಟ್ಟಿ ಸಹ ನೋಡಲಿಲ್ಲ’ ಎಂದು ರೋಗಿಗಳು ದೂರುವುದೂ ಇದೇ ತರ್ಕದಿಂದ.

ಕೈಗುಣಕ್ಕೆ ಎಲ್ಲೆಯೂ ಇದೆ. ನೋವು, ಹೊಟ್ಟೆತೊಳಸು, ನಿದ್ರಾಹೀನತೆಗಳಲ್ಲಿ ನಿರೀಕ್ಷೆ ಫಲ ಕೊಡುತ್ತದೆ. ನಾಗರಹಾವಿನ ವಿಷವನ್ನು ಅದು ಇಳಿಸಲಾರದು. ಅಲ್ಲಿ ಬೇಕಾದುದು ಪ್ರತಿವಿಷ. ಮಂತ್ರಿಸುವವರ ನಿಶ್ಚಲ ಮುಖ ಹುಟ್ಟಿಸುವ ಭರವಸೆಯೇ ಆಗ ಆಸ್ಪತ್ರೆಯ ದಾರಿಗೆ ಅಡ್ಡವಾಗುತ್ತದೆ. ಆದರೆ ಅದೇ ವ್ಯಕ್ತಿ ಎದ್ದು ನಿಂತು ಗಾಡಿ ಕಟ್ಟಿರೆಂದು ಕೈ ಬೀಸಿದರೆ, ಊರಿನಲ್ಲಿ ಆ ಸನ್ನೆಯನ್ನು ಮೀರುವವರು ವಿರಳ.