ಚಳಿಗಾಲದಲ್ಲಿ ಹಿತ್ತಲ ಮಣ್ಣಿನ ಆರೈಕೆ

ಮಾರ್ಗಶಿರದ ಚಳಿ ಹೈದರಾಬಾದಿಗೆ ಕಾಲಿಡುತ್ತಲೇ, ಹಿತ್ತಲಿನಲ್ಲಿ ನಾಲ್ಕು ಮೊಳ ನೆಲವುಳ್ಳ ನಮ್ಮ ಬಾಂಧವರು ಮೆಂತ್ಯ, ಪಾಲಕ, ಟೊಮೇಟೊ ಬೀಜಗಳನ್ನು ವಿಚಾರಿಸತೊಡಗುತ್ತಾರೆ. ಮಣ್ಣನ್ನು ವಿಚಾರಿಸುವವರು ವಿರಳ. ಶೀತದೇಶಗಳಲ್ಲಿ ಚಳಿಗಾಲವೆಂದರೆ ನೆಲವು ಹೆಪ್ಪುಗಟ್ಟಿ ಮಲಗುವ ಕಾಲ. ಇಲ್ಲಿಯಾದರೋ ಮಳೆ ನಿಂತಿರುವುದರಿಂದ ಮಣ್ಣಿಗೆ ಸೇರಿಸಿದ ಸಾರವು ಕೊಚ್ಚಿಹೋಗದು. ಸೂಕ್ಷ್ಮಜೀವಿಗಳ ಕೆಲಸವನ್ನು ನಿಲ್ಲಿಸುವಷ್ಟು ಚಳಿಯೂ ಇರದು.

ಈ ನಗರದ ಸುತ್ತಣ ನೆಲವು ಬಹುಮಟ್ಟಿಗೆ ಗ್ರಾನೈಟ್ ಬಂಡೆ ಸವೆದು ಉಂಟಾದ ಕೆಮ್ಮಣ್ಣು. ತೆಲುಗರು ಇದನ್ನು ಚಲ್ಕಾ ಎನ್ನುವರು. ಇದರಲ್ಲಿ ನೀರು ಬೇಗ ಇಂಗಿಹೋಗುತ್ತದೆ, ಸಾರಜನಕ ಕಡಿಮೆ, ಒಣಗಿದರೆ ಮೇಲ್ಪದರವು ಬಿರುಸಾಗುತ್ತದೆ. ಕಲಬುರಗಿಯ ಎರೆಹೊಲಗಳನ್ನು ಕಂಡು ಬೆಳೆದವರಿಗೆ ಇದು ಬಡನೆಲವೆಂದು ತೋರುವುದು ಸಹಜ. ಪೇಟೆಯ ರಾಸಾಯನಿಕ ಗೊಬ್ಬರವು ಗಿಡಕ್ಕೆ ಉಣಿಸೀತು. ಮಣ್ಣಿಗೆ ನೀರು ಹಿಡಿದಿಡುವ ಗುಣವನ್ನು ಕೊಡಲಾರದು. ಅದಕ್ಕೆ ಕಳಿತ ಗೊಬ್ಬರವೇ ಬೇಕು.

ಅದರ ಸಾಮಗ್ರಿಯಾದರೂ ನಮ್ಮವರ ಕೈಯಳತೆಯಲ್ಲೇ ಇದೆ. ಹೋಟೆಲುಗಳಲ್ಲಿ ದಿನವೂ ಚೆಲ್ಲುವ ಕಾಫಿ ಚರಟದಲ್ಲಿ, ಒಣತೂಕದ ಲೆಕ್ಕಕ್ಕೆ, ನೂರಕ್ಕೆ ಸುಮಾರು 2 ಪಾಲು ಸಾರಜನಕವುಂಟು. ತರಕಾರಿ ಸಿಪ್ಪೆ, ಕೊತ್ತಂಬರಿ ದಂಟು, ಬಾಳೆಯೆಲೆಯ ತುಂಡುಗಳೂ ಆಗುತ್ತವೆ. ಮಾಲೀಕರ ಒಪ್ಪಿಗೆ ಪಡೆದು ಒಂದು ಬಕೆಟ್ ತಂದರೆ ಯಾರಿಗೂ ನಷ್ಟವಿಲ್ಲ. ಆದರೆ ಉಳಿದ ಸಾಂಬಾರು, ಉಪ್ಪಿನಕಾಯಿ, ಕರಿದ ಎಣ್ಣೆ ಸರ್ವಥಾ ಬೇಡ. ಉಪ್ಪು ಬೇರನ್ನು ಕೆಡಿಸುತ್ತದೆ; ಅನ್ನ ಸುರಿದರೆ ಇಲಿಗಳು ಬಂದಾವು.

ಗೊಬ್ಬರ ಮಾಡುವ ಎರಡು ಕ್ರಮಗಳು ನಮ್ಮ ದೇಶದಲ್ಲೇ ರೂಪುಗೊಂಡವು. 1924ರಿಂದ 1931ರವರೆಗೆ ಇಂದೂರಿನಲ್ಲಿದ್ದ ಆಲ್ಬರ್ಟ್ ಹೋವರ್ಡರದು ರಾಶಿಯ ಕ್ರಮ. ಮೂರು ಪಾಲು ತರಗೆಲೆಗೆ ಒಂದು ಪಾಲು ಹಸಿಕಸ, ನಡುನಡುವೆ ತುಸು ಸಗಣಿ. ಹಿಂಡಿದ ಬಟ್ಟೆಯಷ್ಟು ತೇವ. ಹದಿನೈದು ದಿನಕ್ಕೊಮ್ಮೆ ತಿರುವಿದರೆ ಸುಮಾರು ಮೂರು ತಿಂಗಳಲ್ಲಿ ಕಪ್ಪಗೆ ಪುಡಿಯಾಗುತ್ತದೆ. ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ ಸಿ. ಎನ್. ಆಚಾರ್ಯರು 1939ರ ಸುಮಾರಿಗೆ ರೂಪಿಸಿದ್ದು ಗುಂಡಿಯ ಕ್ರಮ. ಪದರಪದರವಾಗಿ ತುಂಬಿ ಮಣ್ಣು ಮೆತ್ತಿಬಿಟ್ಟರಾಯಿತು, ತಿರುವುವ ಶ್ರಮವಿಲ್ಲ. ಆದರೆ ಆರೆಂಟು ತಿಂಗಳು ಕಾಯಬೇಕು. ಎರಡು ಪಾಳಿ ದುಡಿಯುವವರಿಗೆ ಇದೇ ಮೇಲು. ಗುಂಡಿ ತೋಡುವ ಮುನ್ನ ಮನೆಯೊಡೆಯರನ್ನು ಕೇಳಿಕೊಳ್ಳಬೇಕೆಂಬುದನ್ನು ಬೇರೆ ಹೇಳಬೇಕಾಗಿಲ್ಲ!

ಬಾಡಿಗೆ ಮನೆಯ ನೆಲಕ್ಕೆ ಇಷ್ಟೆಲ್ಲ ಏಕೆ ಎನ್ನುವವರುಂಟು. ರಾಶಿಯ ಗೊಬ್ಬರವನ್ನು ಚೀಲದಲ್ಲಿ ತುಂಬಿ ಹೊಸ ಮನೆಗೆ ಒಯ್ಯಬಹುದು, ಕುಂಡಕ್ಕೂ ಹಾಕಬಹುದು. ಈಗ ಹೂಡಿದ ರಾಶಿ ಫಾಲ್ಗುಣಕ್ಕೆ ಸಿದ್ಧವಾಗುತ್ತದೆ. ಅಷ್ಟರಲ್ಲಿ ಖಾಲಿ ಬಿದ್ದ ಪಾತಿಗಳಲ್ಲಿ ಹುರಳಿ ಚೆಲ್ಲಿ, ಹೂ ಬಿಡುವ ಮುನ್ನ ಕೊಯ್ದು ಮಣ್ಣಿಗೆ ಬೆರೆಸಬೇಕು. ಹೊಸ ಬೀಜಕ್ಕೆ ಮೊದಲು ಅದು ಕೊಳೆಯಲು ಎರಡು ಮೂರು ವಾರ ಬಿಡುವುದು ಅಗತ್ಯ.